ಬೆಳ್ಳಿ ನಾಣ್ಯದ ಮೇಲೆ ಉಗಿಬಂಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಉಗಿ ಎಂಜಿನ್‌ಗಳ ನೆನಪಿಗೆ ದೇಶದೇಶಗಳು ಹೊರತಂದ ಬೆಳ್ಳಿ ನಾಣ್ಯಗಳ ಬಗ್ಗೆ ಕೊಡಗಿನ ಹಲವು ಊರುಗಳಿಂದ ಪತ್ರಗಳು ಬಂದಿವೆ. ಒಂದೇ ವಿಷಯ ಕೇಳಿದವನ್ನು ಸೇರಿಸಿ, ಪತ್ರಗಳನ್ನು ಚಿಕ್ಕದು ಮಾಡಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ (ಮಡಿಕೇರಿ): ಉಗಿಬಂಡಿ ಇರುವ ಬೆಳ್ಳಿ ನಾಣ್ಯಗಳನ್ನು ಮಾತ್ರ ಸಂಗ್ರಹಿಸಬೇಕೆಂಬ ಆಸೆ. ಎಲ್ಲಿಂದ ಶುರು ಮಾಡಲಿ? ಎಲ್ಲವೂ ‘ಬೆಳ್ಳಿ’ ಎಂದೇ ಮಾರುತ್ತಾರೆ, ಬೆಲೆ ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಉತ್ತರ: ಎಂಜಿನ್‌ನ ಚಿತ್ರ ಆಮೇಲೆ ನೋಡಿ, ಮೊದಲು ಲೋಹ ಯಾವುದೆಂದು ತಿಳಿದುಕೊಳ್ಳಿ. ನಾಣ್ಯಕ್ಕೆ ಎಷ್ಟು ಕೊಡಬೇಕು, ಮನೆಯಲ್ಲಿ ಹೇಗೆ ಪರೀಕ್ಷಿಸಬೇಕು, ನಮ್ಮ ಮಳೆಗಾಲದಲ್ಲಿ ಅದು ಹೇಗೆ ಉಳಿಯುತ್ತದೆ ಎಂಬ ಮೂರಕ್ಕೂ ಉತ್ತರ ಲೋಹದಲ್ಲೇ ಇದೆ. ಆದ್ದರಿಂದ ಪ್ರತಿ ನಾಣ್ಯಕ್ಕೂ ಶುದ್ಧತೆ, ಒಟ್ಟು ತೂಕ, ವ್ಯಾಸ ಈ ಮೂರನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡ ಮೇಲೆಯೇ ದುಡ್ಡು ಬಿಚ್ಚಿ.

ನಮ್ಮ ದೇಶದ್ದರಿಂದಲೇ ಆರಂಭಿಸೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟಿತು. ಅದರ 150 ವರ್ಷದ ನೆನಪಿಗೆ 2003ರಲ್ಲಿ 2 ರೂಪಾಯಿ ಮತ್ತು 100 ರೂಪಾಯಿಯ ನಾಣ್ಯಗಳು ಬಂದವು. 2 ರೂಪಾಯಿಯದು ತಾಮ್ರ-ನಿಕಲ್, 6 ಗ್ರಾಂ. ಅದರಲ್ಲಿ ಬೆಳ್ಳಿ ಇಲ್ಲ. ಬೆಳ್ಳಿ ಇರುವುದು 100 ರೂಪಾಯಿಯದರಲ್ಲಿ, ಅದೂ ಅರ್ಧ ಮಾತ್ರ. ಆ ಕಾಲದ ನಮ್ಮ 100 ರೂಪಾಯಿ ಸ್ಮರಣಾರ್ಥ ನಾಣ್ಯಗಳಲ್ಲಿ ಶೇ. 50 ಬೆಳ್ಳಿ, ಶೇ. 40 ತಾಮ್ರ, ಶೇ. 5 ನಿಕಲ್, ಶೇ. 5 ಸತುವು. ತೂಕ 35 ಗ್ರಾಂ, ವ್ಯಾಸ 44 ಮಿಲಿಮೀಟರ್.

ಹೊರದೇಶದವುಗಳಲ್ಲಿ ಕಡಿಮೆ ಖರ್ಚಿನ ಆರಂಭಕ್ಕೆ ಕೆನಡಾದ 1 ಡಾಲರ್ ನಾಣ್ಯಗಳು ಒಳ್ಳೆಯವು. 1981ರದ್ದು ದೇಶದ ಉದ್ದಕ್ಕೂ ಹಾಕಿದ ರೈಲುಮಾರ್ಗದ ಶತಮಾನಕ್ಕೆ, 1986ರದ್ದು ವ್ಯಾಂಕೂವರ್ ನಗರದ ಶತಮಾನಕ್ಕೆ. ಎರಡರ ಮೇಲೂ ರೈಲಿದೆ, ಎರಡೂ 23.33 ಗ್ರಾಂ, ಎರಡರಲ್ಲೂ ಬೆಳ್ಳಿ ಅರ್ಧ, ತಾಮ್ರ ಅರ್ಧ. ಜರ್ಮನಿಯ 2010ರ 10 ಯೂರೊ ಆ ದೇಶದ ರೈಲ್ವೆಯ 175 ವರ್ಷಕ್ಕೆ ಬಂದದ್ದು: 925 ಶುದ್ಧತೆ (ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ), 18 ಗ್ರಾಂ, 32.5 ಮಿಲಿಮೀಟರ್. ಆ ವರ್ಷದ್ದೇ ಎಂದು ನೋಡಿ ಕೊಳ್ಳಿ. 2011ರಿಂದ ಜರ್ಮನಿ ಸಾಮಾನ್ಯ 10 ಯೂರೊವನ್ನು ತಾಮ್ರ-ನಿಕಲ್‌ಗೆ ಇಳಿಸಿ, ಸಂಗ್ರಾಹಕರಿಗಾಗಿ ಕನ್ನಡಿಯಂತೆ ಹೊಳೆಯುವಂತೆ ಒತ್ತುವ ಪ್ರೂಫ್ ನಾಣ್ಯವನ್ನು ಮಾತ್ರ 625 ಶುದ್ಧತೆಯಲ್ಲಿ ಉಳಿಸಿಕೊಂಡಿತು.

ಒಂದು ಇಡೀ ಸರಣಿಯನ್ನು ಪೂರ್ತಿ ಮಾಡಿದ ತೃಪ್ತಿ ಬೇಕಾದರೆ ಆಸ್ಟ್ರಿಯಾದ ರೈಲ್ವೆ ಸರಣಿಗಿಂತ ಮೇಲಾದದ್ದು ನಮ್ಮ ದೃಷ್ಟಿಯಲ್ಲಿ ಇಲ್ಲ. 2007ರಿಂದ 2009ರವರೆಗೆ 20 ಯೂರೊ ಮುಖಬೆಲೆಯ ಆರು ನಾಣ್ಯಗಳು ಬಂದವು. ಒಂದೊಂದೂ 50,000ಕ್ಕೆ ಸೀಮಿತ, ಎಲ್ಲವೂ ಪ್ರೂಫ್. 900 ಶುದ್ಧತೆ, ಒಟ್ಟು 20 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ 18 ಗ್ರಾಂ, ವ್ಯಾಸ 34 ಮಿಲಿಮೀಟರ್. ಫರ್ಡಿನಾಂಡ್ ಚಕ್ರವರ್ತಿಯ ಉತ್ತರ ಮಾರ್ಗ, ವಿಯೆನ್ನಾ-ಟ್ರಿಯೆಸ್ಟ್ ದಕ್ಷಿಣ ಮಾರ್ಗ ಇತ್ಯಾದಿ. ಕೊನೆಯ ಎರಡು ವಿದ್ಯುದೀಕರಣಕ್ಕೂ ಮುಂದಿನ ಕಾಲದ ರೈಲಿಗೂ ಮೀಸಲು, ಹಾಗಾಗಿ ಉಗಿ ಮಾತ್ರ ಬೇಕೆನ್ನುವವರಿಗೆ ಮೊದಲ ನಾಲ್ಕು ಸಾಕು. ಅದೇ ದೇಶದ 2004ರ 25 ಯೂರೊ ಸೆಮ್ಮರಿಂಗ್ ಘಟ್ಟಮಾರ್ಗದ 150 ವರ್ಷದ್ದು. ಹೊರಬಳೆ ಬೆಳ್ಳಿ, ನಡುಬಿಲ್ಲೆ ಹಸಿರು ಬಣ್ಣದ ನಿಯೋಬಿಯಂ ಎಂಬ ಲೋಹ. ಆ ಹಸಿರು ಬಳಿದ ಬಣ್ಣವಲ್ಲ. ನಿಯೋಬಿಯಂ ಮೇಲೆ ಬೆಳೆಸಿದ ಅತಿ ತೆಳುವಾದ ಆಕ್ಸೈಡ್ ಪದರದಲ್ಲಿ ಬೆಳಕು ಒಡೆದು ಕಾಣುವ ಬಣ್ಣ. ಗೀರಿದರೆ ಹೋಯಿತು, ಮತ್ತೆ ಬರುವುದಿಲ್ಲ. ಆದ್ದರಿಂದ ಅದನ್ನು ಕ್ಯಾಪ್ಸೂಲ್‌ನಿಂದ (ನಾಣ್ಯದ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಕವಚ) ತೆಗೆಯಲೇಬೇಡಿ.

ಜಪಾನ್ 2022ರಲ್ಲಿ ತನ್ನ ರೈಲ್ವೆಯ 150 ವರ್ಷಕ್ಕೆ ತಂದ 1,000 ಯೆನ್ ಅಪ್ಪಟ ಬೆಳ್ಳಿ, 31.1 ಗ್ರಾಂ, 40 ಮಿಲಿಮೀಟರ್. ಅದರ ಮೇಲೆ ಬಣ್ಣದ ಮುದ್ರಣವಿದೆ. ಅದನ್ನು ಏಕೆ ನೆನಪಿಡಬೇಕೆಂದು ವಿರಾಜಪೇಟೆಯ ಪತ್ರಕ್ಕೆ ಕೊಟ್ಟ ಉತ್ತರದಲ್ಲಿ ನೋಡಿ.

ಪ್ರಶ್ನೆ (ಶನಿವಾರಸಂತೆ): ‘ಸಾಕ್ಸೋನಿಯಾ’ ಎಂಜಿನ್ ಇರುವ, ಹಿಂದಿನ ಪೂರ್ವ ಜರ್ಮನಿಯ 5 ಮಾರ್ಕ್ ನಾಣ್ಯವನ್ನು ‘ಜರ್ಮನ್ ಸಿಲ್ವರ್’ ಎಂದು ಕೊಡುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ಚಿತ್ರ ಇಷ್ಟವಾದರೆ ಕೊಳ್ಳಿ. ಬೆಳ್ಳಿಯ ಬೆಲೆ ಮಾತ್ರ ಕೊಡಬೇಡಿ. ಪೂಜೆಯ ತಟ್ಟೆ, ಕುಂಕುಮದ ಬಟ್ಟಲು ಮಾರುವ ಅಂಗಡಿಗಳಲ್ಲಿ ನೀವು ನೋಡಿರುವ ಜರ್ಮನ್ ಸಿಲ್ವರ್ ಇದೇ: ತಾಮ್ರ, ನಿಕಲ್, ಸತುವಿನ ಮಿಶ್ರಣ. ಬೆಳ್ಳಿ ಒಂದು ಚೂರೂ ಇಲ್ಲ. 1988ರ ಸಾಕ್ಸೋನಿಯಾ ನಾಣ್ಯ ಆ ಲೋಹದ್ದು. ಪಶ್ಚಿಮ ಜರ್ಮನಿ 1985ರಲ್ಲಿ ರೈಲ್ವೆಯ 150 ವರ್ಷಕ್ಕೆ ತಂದ 5 ಮಾರ್ಕ್ ಕೂಡ ಬೆಳ್ಳಿಯಲ್ಲ, ನಡುವೆ ನಿಕಲ್ ಇರುವ ತಾಮ್ರ-ನಿಕಲ್. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಎರಡೂ ಅಂದವಾದ ನಾಣ್ಯಗಳೇ. ಸಂಗ್ರಹದಲ್ಲಿ ಬೇರೆ ಪುಟದಲ್ಲಿಡಿ.

ಆಭರಣದಂಗಡಿಗಳಲ್ಲಿ ಸಿಗುವ ಎಂಜಿನ್ ಚಿತ್ರದ ಬೆಳ್ಳಿ ಬಿಲ್ಲೆಗಳ ಬಗ್ಗೆಯೂ ಇದೇ ಪತ್ರದಲ್ಲಿ ಕೇಳಿದ್ದೀರಿ. ದೇಶದ ಹೆಸರು ಮತ್ತು ಮುಖಬೆಲೆ ಇಲ್ಲದಿದ್ದರೆ ಅದು ನಾಣ್ಯವಲ್ಲ, ಪದಕ. 999 ಬೆಳ್ಳಿಯೇ ಇರಬಹುದು, ಆದರೆ ಮುಂದೆ ಮಾರುವಾಗ ಬೆಳ್ಳಿಯ ದರಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಪ್ರಶ್ನೆ (ನಾಪೋಕ್ಲು): ಮೂರು ವರ್ಷದ ಹಿಂದೆ ಕೊಂಡ ನಾಣ್ಯಗಳು ಆಲ್ಬಂನಲ್ಲೇ ಕಪ್ಪಾಗಿವೆ. ನಮ್ಮದು ಹಳೆಯ ಮನೆ, ಸೌದೆ ಒಲೆ ಇದೆ, ಕಕ್ಕಡ ತಿಂಗಳ ಮಳೆಗೆ ಗೋಡೆಯೇ ಒದ್ದೆ. ಬೀರುವಿನಲ್ಲಿ ಬಟ್ಟೆಗಳ ನಡುವೆ, ನುಸಿಗುಳಿಗೆ ಹಾಕಿ ಇಟ್ಟಿದ್ದೆ. ಏನು ತಪ್ಪಾಯಿತು?

ಉತ್ತರ: ಈ ಪ್ರಶ್ನೆಯೇ ಅತಿ ಹೆಚ್ಚು ಪತ್ರಗಳಲ್ಲಿ ಬಂದಿದೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಬೆಳ್ಳಿಯನ್ನು ಕಪ್ಪು ಮಾಡುವುದು ಗಾಳಿಯಲ್ಲಿರುವ ಗಂಧಕದ ಅನಿಲಗಳು, ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್. ಬೆಳ್ಳಿಯ ಮೇಲೆ ಬೆಳ್ಳಿ ಸಲ್ಫೈಡ್‌ನ ಪದರ ಕಟ್ಟುತ್ತದೆ. ಮೊದಲು ತಿಳಿಹಳದಿ, ಆಮೇಲೆ ಕಂದು, ನೀಲಿ, ಕೊನೆಗೆ ಕಪ್ಪು. ತೇವ ಒಂದೇ ಇದ್ದರೆ ಬೆಳ್ಳಿ ಕಪ್ಪಾಗದು. ತೇವ ಮತ್ತು ಗಂಧಕ ಸೇರಿದಾಗ ಕೆಲಸ ಬೇಗ ಆಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಕ್ಕೆ ಬರವಿಲ್ಲ. ಗಂಧಕ ಎಲ್ಲಿಂದ? ಒಲೆಯ ಹೊಗೆ, ಉಣ್ಣೆಯ ಬಟ್ಟೆ, ರಬ್ಬರ್ ಬ್ಯಾಂಡ್, ವೃತ್ತಪತ್ರಿಕೆಯ ಕಾಗದ, ರಟ್ಟಿನ ಪೆಟ್ಟಿಗೆ, ಹೊಸ ಬಣ್ಣ. ಬೀರುವಿನಲ್ಲಿ ಸ್ವೆಟರ್ ಪಕ್ಕದಲ್ಲಿ ಇಟ್ಟದ್ದೇ ನಿಮ್ಮ ನಾಣ್ಯಕ್ಕೆ ಮೊದಲ ಪೆಟ್ಟು. ನುಸಿಗುಳಿಗೆಯದು ಇನ್ನೊಂದು: ಅದರ ಆವಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಕೆಲವು ಗುಳಿಗೆಗಳಲ್ಲಿ ಕ್ಲೋರಿನ್ ಇರುವ ರಾಸಾಯನಿಕವೂ ಇರುತ್ತದೆ. ನಾಣ್ಯದ ಹತ್ತಿರ ಅದು ಬೇಡವೇ ಬೇಡ.

925, 900, ಅರ್ಧ ಬೆಳ್ಳಿಯ ನಾಣ್ಯಗಳಲ್ಲಿ ಉಳಿದದ್ದು ಬಹುಪಾಲು ತಾಮ್ರ. ನಮ್ಮ 100 ರೂಪಾಯಿ ನಾಣ್ಯ ಮಂಕಾಗುವುದು, ಕಂದು ಚುಕ್ಕೆ ಹಿಡಿಯುವುದು, ಅಕ್ಷರಗಳ ಸಂದಿಯಲ್ಲಿ ಹಸಿರು ಕಿಲುಬು ಕಟ್ಟುವುದು ಈ ಕಾರಣಕ್ಕೆ. ಗೊಬ್ಬರದ ಗೋದಾಮಿಗೆ ಅಂಟಿದ ಕೋಣೆಯಲ್ಲಿ ಇಟ್ಟರೆ ಅಮೋನಿಯಾ ತಾಮ್ರವನ್ನು ಬೇಗ ತಿನ್ನುತ್ತದೆ. ಮೈಲುತುತ್ತ, ಗಂಧಕದ ಪುಡಿ, ಸಿಂಪಡಣೆಯ ಡ್ರಮ್ಮು ಇಡುವ ಜಾಗವೂ ಆಗದು. ತೋಟದ ಮನೆಗಳಲ್ಲಿ ಭದ್ರವೆಂದು ಆಫೀಸು ಕೋಣೆಯ ಕಪಾಟಿನಲ್ಲಿ ಇಡುವ ರೂಢಿಯಿದೆ. ಆ ಕೋಣೆಯ ಪಕ್ಕ ಏನಿದೆ ಎಂದು ನೋಡಿಕೊಳ್ಳಿ.

ಮಾಡಬೇಕಾದದ್ದು ಹೀಗೆ. ಪ್ರತಿ ನಾಣ್ಯಕ್ಕೂ ಅದರ ಅಳತೆಗೆ ಸರಿಯಾದ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್. ಜರ್ಮನಿಯದಕ್ಕೆ 32.5, ಆಸ್ಟ್ರಿಯಾದ್ದಕ್ಕೆ 34, ಕೆನಡಾದ ಡಾಲರಿಗೆ 36, ನಮ್ಮ 100 ರೂಪಾಯಿಗೆ 44 ಮಿಲಿಮೀಟರ್. ಒಂದು ಮಿಲಿಮೀಟರ್ ಸಡಿಲವಿದ್ದರೂ ನಾಣ್ಯ ಒಳಗೆ ಅಲ್ಲಾಡಿ ಅಂಚು ಸವೆಯುತ್ತದೆ. ಕ್ಯಾಪ್ಸೂಲ್ ಒಳಗೆ ಕಪ್ಪು ಸ್ಪಂಜಿನ ಬಳೆ ಇರುವುದನ್ನು ಕೊಳ್ಳುವುದಾದರೆ ಪಾಲಿಎಥಿಲೀನ್‌ನದು ಎಂದು ಖಚಿತಪಡಿಸಿಕೊಳ್ಳಿ. ಅಗ್ಗದ ಸ್ಪಂಜು ನಾಣ್ಯದ ಸುತ್ತ ಕಂದು ಉಂಗುರ ಬರೆಯುತ್ತದೆ.

ಕ್ಯಾಪ್ಸೂಲ್‌ಗಳನ್ನು ರಬ್ಬರ್ ಪಟ್ಟಿಯಿಲ್ಲದ, ಬಿಗಿಯಾಗಿ ಮುಚ್ಚುವ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿಡಿ. ಪಟ್ಟಿ ಇದ್ದೇ ಇರುತ್ತದೆ ಎಂದಾದರೆ ಸಿಲಿಕೋನಿನದು ಆಗಲಿ. 5 ಲೀಟರಿನ ಡಬ್ಬಿಗೆ 100 ಗ್ರಾಂ ಸಿಲಿಕಾ ಜೆಲ್ ಧಾರಾಳ. ಲೆಕ್ಕ ನೋಡಿ: 25 ಡಿಗ್ರಿಯಲ್ಲಿ ತೇವದಿಂದ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿದ್ದರೆ, 5 ಲೀಟರಿನಲ್ಲಿರುವುದು ಒಂದು ಗ್ರಾಮಿನ ಸುಮಾರು ಒಂಬತ್ತನೇ ಒಂದು ಪಾಲು. ಜೆಲ್ಲಿಗೆ ಅದು ಯಾವ ಲೆಕ್ಕಕ್ಕೂ ಇಲ್ಲ. ಅದರ ಶಕ್ತಿ ತಿನ್ನುವುದು ಡಬ್ಬಿಯನ್ನು ಪದೇ ಪದೇ ತೆರೆಯುವ ನಮ್ಮ ಕೈ, ಮತ್ತು ಒಳಗೆ ತುರುಕಿದ ರಟ್ಟು, ಮರ, ಬಟ್ಟೆ. ಇವು ತಮ್ಮೊಳಗೆ ಗ್ರಾಂಗಟ್ಟಲೆ ನೀರು ಹಿಡಿದುಕೊಂಡಿರುತ್ತವೆ. ಆದ್ದರಿಂದ ಡಬ್ಬಿಯೊಳಗೆ ಕ್ಯಾಪ್ಸೂಲ್, ಜೆಲ್, ಒಂದು ಸಣ್ಣ ತೇವಮಾಪಕ ಬಿಟ್ಟರೆ ಬೇರೇನೂ ಬೇಡ. ಮಾಪಕ ಶೇ. 40ರ ಸುತ್ತ ಇದ್ದರೆ ನೆಮ್ಮದಿ, 50 ದಾಟಿದರೆ ಜೆಲ್ ಬದಲಿಸಿ. ಅಕ್ಕಿ ಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅಕ್ಕಿಯಲ್ಲೇ ತೇವವಿದೆ, ದೂಳಿದೆ, ಹುಳ ಬರುತ್ತದೆ.

ಬಣ್ಣ ಬದಲಿಸುವ ಜೆಲ್ ಕೊಳ್ಳಿ. ಕಿತ್ತಳೆ ಬಣ್ಣದ್ದು ತೇವ ಹೀರಿದಾಗ ಹಸಿರಾಗುತ್ತದೆ. ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕಿತ್ತಳೆ. ಹೆಚ್ಚು ಕಾಯಿಸಿದರೆ ಬಣ್ಣ ಸುಟ್ಟು, ಸೂಚನೆ ಕೊಡುವುದನ್ನೇ ನಿಲ್ಲಿಸುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಅಡಿಗೆಯ ಪಾತ್ರೆಯಲ್ಲಿ ಅದನ್ನು ಕಾಯಿಸಬಾರದು. ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು ಜೆಲ್ ಹೊಸದು ಮಾಡಿ ಮುಚ್ಚಿಬಿಡಿ. ನಾಣ್ಯ ನೋಡಿ ಖುಷಿಪಡುವುದಕ್ಕೆ, ನೆಂಟರಿಗೆ ತೋರಿಸುವುದಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಿವೆ.

ಟಂಕಸಾಲೆಯ ಮರದ ಪೆಟ್ಟಿಗೆ, ಮಖಮಲ್ಲಿನ ಡಬ್ಬಿ, ಪ್ರಮಾಣಪತ್ರ ಇವನ್ನು ಎಸೆಯಬೇಡಿ. ಮಾರುವಾಗ ಅವಕ್ಕೂ ಬೆಲೆಯಿದೆ. ಆದರೆ ನಾಣ್ಯದೊಂದಿಗೆ ಇಡಬೇಡಿ. ಪತ್ರಕ್ಕೆ ಮುಗ್ಗಲು ಹಿಡಿಯದಂತೆ ಬೇರೆ ಡಬ್ಬಿಯಲ್ಲಿ, ಅದಕ್ಕೂ ಜೆಲ್ ಹಾಕಿ.

ಈಗಾಗಲೇ ಕಪ್ಪಾದದ್ದನ್ನು ಹಾಗೇ ಬಿಡಿ. ಪದರ ಸಮವಾಗಿದ್ದರೆ ಅದು ನಾಣ್ಯಕ್ಕೆ ಕೆಡುಕು ಮಾಡುವುದಿಲ್ಲ. ಒಣ ಜಾಗಕ್ಕೆ ಸೇರಿಸಿದರೆ ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆ (ಕುಶಾಲನಗರ): ಮನೆಯಲ್ಲಿ ಅತ್ತೆಯವರು ದೀಪಗಳ ಜೊತೆಗೆ ನನ್ನ ಪ್ರೂಫ್ ನಾಣ್ಯವನ್ನೂ ವಿಭೂತಿ ಹಾಕಿ ಉಜ್ಜಿ ಫಳಫಳ ಮಾಡಿದ್ದಾರೆ. ಮೊದಲಿನಂತೆ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಪ್ರೂಫ್ ನಾಣ್ಯದ ಬಯಲು ಕನ್ನಡಿಯಂತೆ ಹೊಳೆಯುವುದು, ಹೊಳಪು ಕೊಟ್ಟ ಅಚ್ಚಿನಿಂದ ಹೊಳಪು ಕೊಟ್ಟ ಬಿಲ್ಲೆಯ ಮೇಲೆ ಒಂದಕ್ಕಿಂತ ಹೆಚ್ಚು ಸಲ ಒತ್ತುವುದರಿಂದ. ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್, ಪೀತಾಂಬರಿ ಎಲ್ಲವೂ ಅದರ ಮೇಲೆ ಕೂದಲೆಳೆಯ ಗೀರು ಬಿಡುತ್ತವೆ. ದೀಪದ ಕೆಳಗೆ ನಾಣ್ಯವನ್ನು ಓರೆ ಮಾಡಿ ತಿರುಗಿಸಿದರೆ ಗೀರುಗಳು ಒಂದೇ ದಿಕ್ಕಿಗೆ ಮಿಂಚುವುದು ಕಾಣುತ್ತದೆ. ಸಂಗ್ರಾಹಕರು ಮೊದಲು ನೋಡುವುದೂ ಅದನ್ನೇ. ಸೋಡಾ-ಅಲ್ಯೂಮಿನಿಯಂ ಹಾಳೆಯ ಉಪಾಯ, ಅಂಗಡಿಯಲ್ಲಿ ಸಿಗುವ, ಬೆಳ್ಳಿಯನ್ನು ಅದ್ದಿ ತೆಗೆಯುವ ದ್ರವ (ಡಿಪ್) ಕೂಡ ಬೇಡ. ಡಿಪ್‌ನ ಆಮ್ಲ ಕಪ್ಪಿನೊಂದಿಗೆ ಮೇಲಿನ ಬೆಳ್ಳಿಯನ್ನೂ ಕರಗಿಸುತ್ತದೆ, ಹೊಳಪು ಸಪ್ಪೆಯಾಗುತ್ತದೆ. ನಾಣ್ಯಗಳ ಡಬ್ಬಿಯ ಮೇಲೆ ‘ತೊಳೆಯಬಾರದು’ ಎಂದು ದಪ್ಪಕ್ಷರದಲ್ಲಿ ಬರೆದಿಡಿ.

ಪ್ರಶ್ನೆ (ವಿರಾಜಪೇಟೆ): ಮೆತ್ತನೆಯ ಪ್ಲಾಸ್ಟಿಕ್ ಜೇಬುಗಳಲ್ಲಿ ಇಟ್ಟಿದ್ದ ನಾಣ್ಯಗಳ ಮೇಲೆ ಹಸಿರು ಅಂಟು ಬಂದಿದೆ. ಇದನ್ನಾದರೂ ತೆಗೆಯಬಹುದೇ?

ಉತ್ತರ: ಇದನ್ನು ತೆಗೆಯಲೇಬೇಕು, ಬೇಗ ತೆಗೆಯಬೇಕು. ಆ ಜೇಬು ಪಿವಿಸಿಯದು. ಅದನ್ನು ಮೆತ್ತಗೆ ಮಾಡಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಹೊರಗೆ ಒಸರುತ್ತದೆ, ಪಿವಿಸಿ ಒಡೆಯುತ್ತಾ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ಅದು ತಾಮ್ರದೊಂದಿಗೆ ಸೇರಿ ಹಸಿರಾಗುತ್ತದೆ. ಬಿಟ್ಟರೆ ಲೋಹದಲ್ಲಿ ಗುಳಿ ಬೀಳುತ್ತದೆ.

ಶುದ್ಧ ಅಸಿಟೋನ್ ತನ್ನಿ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುಗಂಧ, ಬಣ್ಣ ಇರುತ್ತವೆ. ಎರಡು ಗಾಜಿನ ಬಟ್ಟಲು ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ನಾಣ್ಯ ಮುಳುಗುವಷ್ಟು ಅಸಿಟೋನ್ ಹಾಕಿ ಹತ್ತು ಹದಿನೈದು ನಿಮಿಷ ಬಿಡಿ; ನಾಣ್ಯವನ್ನು ಅಂಚಿನಲ್ಲೇ ಹಿಡಿದು ತಿರುವಿ, ಮತ್ತಷ್ಟು ಹೊತ್ತು ಬಿಡಿ. ಆಮೇಲೆ ಎರಡನೆಯ ಬಟ್ಟಲಿನ ಹೊಸ ಅಸಿಟೋನ್‌ನಲ್ಲಿ ಅದ್ದಿ ತೆಗೆದು, ನಿಲ್ಲಿಸಿ ಒಣಗಲು ಬಿಡಿ. ಉಜ್ಜಬೇಡಿ, ಒರೆಸಬೇಡಿ. ಎರಡನೆಯ ಬಟ್ಟಲು ಯಾಕೆಂದರೆ, ಮೊದಲನೆಯದರಲ್ಲಿ ಕರಗಿದ ಅಂಟು ಅಸಿಟೋನ್ ಆರುತ್ತಿದ್ದಂತೆ ಮತ್ತೆ ನಾಣ್ಯದ ಮೇಲೆ ತೆಳುವಾಗಿ ಕೂರುತ್ತದೆ.

ಮೂರು ಎಚ್ಚರಿಕೆ. ಅಸಿಟೋನ್ ಆವಿ ಬೇಗ ಹೊತ್ತಿಕೊಳ್ಳುತ್ತದೆ. ಒಲೆ, ದೇವರ ದೀಪ, ಸಿಗರೇಟು ಹತ್ತಿರವಿರಬಾರದು, ಕಿಟಕಿ ತೆರೆದಿರಲಿ. ಅದು ಅಕ್ರಿಲಿಕ್ ಕ್ಯಾಪ್ಸೂಲನ್ನು ಕರಗಿಸುತ್ತದೆ; ನಾಣ್ಯ ಪೂರ್ತಿ ಆರದೆ ಒಳಗೆ ಹಾಕಬೇಡಿ. ಜಪಾನಿನದರಂಥ ಬಣ್ಣ ಮುದ್ರಿಸಿದ ನಾಣ್ಯಕ್ಕೆ ತಾಗಿದರೆ ಬಣ್ಣವೇ ಎದ್ದು ಬರುತ್ತದೆ. ಮುಂದೆ ಜೇಬು ಕೊಳ್ಳುವಾಗ ಪಾಲಿಪ್ರೊಪಿಲೀನ್ ಅಥವಾ ಮೈಲಾರ್ ಎಂದು ಕೇಳಿ ತನ್ನಿ. ಹೊಸ ಶವರ್ ಪರದೆಯ ವಾಸನೆ ಬರುವ ಮೆತ್ತನೆಯ ಪ್ಲಾಸ್ಟಿಕ್ ಪಿವಿಸಿಯೇ.

ಪ್ರಶ್ನೆ (ಪೊನ್ನಂಪೇಟೆ): ನಾಣ್ಯಕ್ಕೆ ಪೆಟ್ಟಾಗದಂತೆ ಮನೆಯಲ್ಲೇ ಬೆಳ್ಳಿ ಹೌದೋ ಅಲ್ಲವೋ ನೋಡುವ ದಾರಿ ಇದೆಯೇ?

ಉತ್ತರ: ಇದೆ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಕ್ಯಾಪ್ಸೂಲ್‌ನಿಂದ ತೆಗೆಯದ ಪ್ರೂಫ್ ನಾಣ್ಯಕ್ಕೆ ಮಾತ್ರ ಇದನ್ನು ಮಾಡಬೇಡಿ.

ಮೊದಲು ನಾಣ್ಯವನ್ನು ಒಣಗಿದ್ದಾಗ ತೂಗಿ. ಆಮೇಲೆ ಒಂದು ಲೋಟದಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ ತಕ್ಕಡಿಯ ಮೇಲಿಟ್ಟು, ತೋರಿಸುವ ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳುವಾದ ನೈಲಾನ್ ದಾರದಲ್ಲಿ ಕಟ್ಟಿ, ನೀರಿನಲ್ಲಿ ಪೂರ್ತಿ ಮುಳುಗುವಂತೆ, ತಳಕ್ಕೂ ಬದಿಗೂ ತಾಗದಂತೆ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಂ ಎಂದರೆ ನಾಣ್ಯ ಪಕ್ಕಕ್ಕೆ ತಳ್ಳಿದ ನೀರು. ಒಣ ತೂಕವನ್ನು ಅದರಿಂದ ಭಾಗಿಸಿ. 999 ಬೆಳ್ಳಿಗೆ 10.5ರ ಹತ್ತಿರ, 925 ಮತ್ತು 900ಕ್ಕೆ 10.3ರ ಆಸುಪಾಸು, ನಮ್ಮ 100 ರೂಪಾಯಿ ಮಿಶ್ರಲೋಹಕ್ಕೆ ಸುಮಾರು 9.5, ತಾಮ್ರ-ನಿಕಲ್‌ಗೆ 8.9 ಬರಬೇಕು.

ಜರ್ಮನಿಯ 18 ಗ್ರಾಂ ನಾಣ್ಯವನ್ನು ಮುಳುಗಿಸಿದಾಗ 1.74 ಬಂದರೆ ಸರಿ, 2.02 ಬಂದರೆ ಕೈಯಲ್ಲಿರುವುದು ತಾಮ್ರ-ನಿಕಲ್. ಆಸ್ಟ್ರಿಯಾದ 20 ಗ್ರಾಂನದ್ದು 1.94ರ ಹತ್ತಿರ ಬರಬೇಕು.

ಈ ಪರೀಕ್ಷೆ ನಿಜಕ್ಕೂ ಬೇಕಾಗುವುದು ಬ್ರಿಟನ್ನಿನ 2004ರ 2 ಪೌಂಡ್ ನಾಣ್ಯಕ್ಕೆ. 1804ರಲ್ಲಿ ಹಳಿಯ ಮೇಲೆ ಓಡಿದ ಟ್ರೆವಿಥಿಕ್‌ನ ಉಗಿ ಎಂಜಿನ್ನಿನ 200 ವರ್ಷದ ನೆನಪಿನದು. ಚಲಾವಣೆಯದೂ 925 ಬೆಳ್ಳಿಯದೂ ಎರಡೂ 12 ಗ್ರಾಂ, ಎರಡರ ವ್ಯಾಸವೂ 28.4 ಮಿಲಿಮೀಟರ್, ಎರಡರಲ್ಲೂ ಬಿಳಿ ನಡುಬಿಲ್ಲೆ, ಹೊರಗೆ ಹೊನ್ನಿನ ಬಣ್ಣದ ಬಳೆ. ಬೆಳ್ಳಿಯದರ ಬಳೆಗೆ ಚಿನ್ನದ ಲೇಪ ಅಷ್ಟೆ. ತೂಗಿ ನೋಡಿದರೆ ಏನೂ ತಿಳಿಯುವುದಿಲ್ಲ. ನೀರಿನಲ್ಲಿ ಬೆಳ್ಳಿಯದು 1.16, ಚಲಾವಣೆಯದು ಸುಮಾರು 1.4 ತೋರಿಸುತ್ತದೆ.

ತಪ್ಪಾಗುವುದು ಗಾಳಿಗುಳ್ಳೆಯಿಂದ. ಅಕ್ಷರದ ಸಂದಿಯಲ್ಲಿ ಸಿಕ್ಕಿದ ಗುಳ್ಳೆ ನೀರನ್ನು ಹೆಚ್ಚು ತಳ್ಳಿ, ಅಸಲಿ ನಾಣ್ಯವನ್ನೇ ನಕಲಿಯೆಂದು ತೋರಿಸುತ್ತದೆ. ದಾರವನ್ನು ಮೆಲ್ಲಗೆ ಅಲ್ಲಾಡಿಸಿ, ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಸೀಸ ಬೆರೆಸಿ ಸಾಂದ್ರತೆ ಹೊಂದಿಸಿದ ನಕಲಿಯೂ ಉಂಟು. ಆದ್ದರಿಂದ ವ್ಯಾಸ, ದಪ್ಪಗಳನ್ನು ವರ್ನಿಯರ್ ಅಳತೆಗೋಲಿನಲ್ಲಿ ನೋಡಿ, ಅಂಚಿನ ಅಕ್ಷರ ಅಥವಾ ಗೆರೆ ಅಸಲಿಯಂತೆಯೇ ಇದೆಯೇ ಎಂದು ಹೋಲಿಸಿ. ಟ್ರೆವಿಥಿಕ್ ನಾಣ್ಯದ ಅಂಚಿನಲ್ಲಿ ಅಕ್ಷರದ ಬದಲು ರೈಲುಸೇತುವೆಗಳನ್ನು ಸೂಚಿಸುವ ಕಮಾನುಗಳ ವಿನ್ಯಾಸವಿದೆ. ಅಕ್ಕಸಾಲಿಗರ ಒರೆಗಲ್ಲಿಗೂ ಆಮ್ಲಕ್ಕೂ ನಾಣ್ಯ ಕೊಡಬೇಡಿ. ಹಾಲ್‌ಮಾರ್ಕ್ ಕೇಂದ್ರದ ಎಕ್ಸ್-ರೇ ಯಂತ್ರ ಗೀರು ಮಾಡುವುದಿಲ್ಲ, ಆದರೆ ಮೇಲ್ಪದರವನ್ನಷ್ಟೇ ಓದುತ್ತದೆ. ದಪ್ಪ ಬೆಳ್ಳಿ ಲೇಪ ಅದಕ್ಕೂ ಬೆಳ್ಳಿಯೇ.

ಪ್ರಶ್ನೆ (ಗೋಣಿಕೊಪ್ಪ, ಪದವಿ ವಿದ್ಯಾರ್ಥಿನಿ): ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ. ನಾಣ್ಯದ ಮೇಲಿನ ಎಂಜಿನ್ ಸರಿಯಾಗಿ ಬಿಡಿಸಿದ್ದಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಚಕ್ರ ಎಣಿಸುವುದರಿಂದ ಶುರು ಮಾಡಿ. ಮುಂದಿನ ಸಣ್ಣ ಚಕ್ರಗಳು, ನಡುವಿನ ಎಳೆಯುವ ಚಕ್ರಗಳು, ಹಿಂದಿನ ಸಣ್ಣ ಚಕ್ರಗಳು ಎಂದು ಎರಡೂ ಬದಿ ಸೇರಿಸಿ ಮೂರು ಅಂಕಿಗಳಲ್ಲಿ ಬರೆಯುವುದು ರೂಢಿ. ನಾಣ್ಯದಲ್ಲಿ ಒಂದೇ ಬದಿ ಕಾಣುವುದರಿಂದ ಎಣಿಸಿದ್ದನ್ನು ಇಮ್ಮಡಿ ಮಾಡಿ. ನ್ಯೂರೆಂಬರ್ಗ್‌ನಿಂದ ಫ್ಯೂರ್ತ್‌ಗೆ 1835ರ ಡಿಸೆಂಬರ್ 7ರಂದು ಓಡಿದ, ಸ್ಟೀಫನ್‌ಸನ್ ಕಾರ್ಖಾನೆಯ ‘ಆಡ್ಲರ್’ 2-2-2. ನಮ್ಮ 1855ರ ‘ಫೇರಿ ಕ್ವೀನ್’ ಕೂಡ ಹಾಗೇ. 1829ರ ‘ರಾಕೆಟ್’ 0-2-2, ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ 4-6-2, ಡಾರ್ಜಿಲಿಂಗ್‌ನ ಪುಟ್ಟ ಬಿ-ವರ್ಗದ್ದು 0-4-0, ಊಟಿ ಘಟ್ಟದ ಎಕ್ಸ್-ವರ್ಗದ್ದು 0-8-2.

ಟ್ರೆವಿಥಿಕ್‌ನ 1804ರ ಎಂಜಿನ್‌ನಲ್ಲಿ ನೋಡಬೇಕಾದದ್ದು ಬೇರೆ. ಅದಕ್ಕಿದ್ದದ್ದು ಅಡ್ಡಲಾಗಿ ಮಲಗಿಸಿದ ಒಂದೇ ಸಿಲಿಂಡರ್. ಸಿಲಿಂಡರ್ ಒಳಗೆ ಆಡುವ ಪಿಸ್ಟನ್ ತುದಿಗೆ ಬಂದಾಗ ನಿಲ್ಲದಿರಲೆಂದು ಒಂದು ದೊಡ್ಡ ಗಾಲಿ, ಅದರಿಂದ ಹಲ್ಲುಚಕ್ರಗಳ ಮೂಲಕ ಹಳಿಯ ಚಕ್ರಗಳಿಗೆ ಶಕ್ತಿ. 2 ಪೌಂಡ್ ನಾಣ್ಯವನ್ನು ಹತ್ತು ಪಟ್ಟಿನ ಮಸೂರದಲ್ಲಿ ನೋಡಿ, ಆ ಹಲ್ಲುಚಕ್ರಗಳನ್ನೇ ಹುಡುಕಿ. ರಾಕೆಟ್ ಮೊದಲು ಓಡಿದಾಗ ಸಿಲಿಂಡರ್‌ಗಳು ಎತ್ತರದಲ್ಲಿ ಓರೆಯಾಗಿದ್ದವು, ಸ್ವಲ್ಪ ಕಾಲದಲ್ಲೇ ಅವನ್ನು ಬಹುತೇಕ ಅಡ್ಡಕ್ಕೆ ಇಳಿಸಿದರು. 1829ರ ರೈನ್‌ಹಿಲ್ ಎಂಜಿನ್ ಸ್ಪರ್ಧೆಯ ದೃಶ್ಯವೆಂದು ಹೇಳುವ ನಾಣ್ಯದಲ್ಲಿ ಸಿಲಿಂಡರ್ ಅಡ್ಡವಾಗಿದ್ದರೆ ಕಲಾವಿದರು ಆಮೇಲಿನ ರೂಪವನ್ನು ನೋಡಿ ಬಿಡಿಸಿದ್ದಾರೆ ಎಂದರ್ಥ. 1923ರಲ್ಲಿ ಡಾಂಕಾಸ್ಟರ್‌ನಲ್ಲಿ ಕಟ್ಟಿದ ಫ್ಲೈಯಿಂಗ್ ಸ್ಕಾಟ್ಸ್‌ಮನ್‌ಗೆ ಹೊಗೆಯನ್ನು ಮೇಲಕ್ಕೆ ತಳ್ಳುವ ಪಕ್ಕದ ತಗಡುಗಳು ಬಂದದ್ದು 1961ರಲ್ಲಿ. 1934ರಲ್ಲಿ ಗಂಟೆಗೆ 100 ಮೈಲಿ ಮುಟ್ಟಿದ ಓಟದ ಚಿತ್ರದಲ್ಲಿ ಆ ತಗಡು ಇರಬಾರದು.

1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ಮ್ಯೂಸಿಯಂ ನಿಮಗೆ ಬಸ್ಸಿನ ದಾರಿಯಲ್ಲೇ ಇದೆ. ನಿಜವಾದ ಎಂಜಿನ್ ಪಕ್ಕ ನಿಂತು ಸಿಲಿಂಡರ್ ಎಲ್ಲಿದೆ, ದೂಡುಕಂಬಿ ಯಾವ ಚಕ್ರಕ್ಕೆ ಕಟ್ಟಿದೆ ಎಂದು ಕೈಯಿಟ್ಟು ನೋಡಿ ಬಂದರೆ, ನಾಣ್ಯದ ಮೇಲಿನ ಗೆರೆಗಳು ತಾವಾಗಿ ಅರ್ಥವಾಗುತ್ತವೆ.

ಪ್ರಶ್ನೆ (ಸಿದ್ದಾಪುರ): ಅಪ್ಪಟ ಬೆಳ್ಳಿಯ ನಾಣ್ಯದ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಕಲೆ. ನಾನು ಮುಟ್ಟಿಯೇ ಇಲ್ಲ.

ಉತ್ತರ: ನಿಮ್ಮ ತಪ್ಪಲ್ಲ. ಟಂಕಸಾಲೆಯಲ್ಲಿ ಬಿಲ್ಲೆಯನ್ನು ತೊಳೆದ ದ್ರವ ಪೂರ್ತಿ ಹೋಗದೆ ಉಳಿದರೆ, ತಿಂಗಳುಗಳ ನಂತರವೂ ಹೀಗೆ ಬರುತ್ತದೆ. 999 ಬೆಳ್ಳಿಯಲ್ಲಿ ಇದು ಹೆಚ್ಚು. ಅಸಿಟೋನ್‌ಗೂ ಬಗ್ಗುವುದಿಲ್ಲ. ಉಜ್ಜಿದರೆ ಕಲೆಯ ಜೊತೆಗೆ ಗೀರೂ ಸೇರುತ್ತದೆ.

ಪ್ರಶ್ನೆ (ಸುಂಟಿಕೊಪ್ಪ): ರೈಲ್ವೆಯ 100 ರೂಪಾಯಿ ನಾಣ್ಯವನ್ನು ‘35 ಗ್ರಾಂ ಬೆಳ್ಳಿ’ ಎಂದು ಅಂದಿನ ಬೆಳ್ಳಿ ದರಕ್ಕೆ ಗುಣಿಸಿ ಬೆಲೆ ಹೇಳುತ್ತಾರೆ. ನ್ಯಾಯವೇ?

ಉತ್ತರ: ಅಲ್ಲ. ಅದರಲ್ಲಿರುವ ಬೆಳ್ಳಿ 17.5 ಗ್ರಾಂ. ಅದಕ್ಕಿಂತ ಮೇಲೆ ಕೇಳುವುದೆಲ್ಲ ಸಂಗ್ರಹದ ಬೆಲೆ, ಲೋಹದ್ದಲ್ಲ. ಸಂಗ್ರಹದ ಬೆಲೆ ಕೊಡಬಾರದೆಂದಲ್ಲ. ಟಂಕಸಾಲೆಯ ಮೂಲ ಪ್ಯಾಕ್, ಕಾಗದ ಇದ್ದು, ಪ್ರೂಫ್ ಆಗಿದ್ದರೆ ಕೊಡಬಹುದು. ಬಿಡಿ ನಾಣ್ಯ, ಅದೂ ಚುಕ್ಕೆ ಹಿಡಿದದ್ದಾದರೆ ಚೌಕಾಸಿ ಮಾಡಿ. ಬೇರೆ ದೇಶದವಕ್ಕೂ ಇದೇ ಲೆಕ್ಕ: ಜರ್ಮನಿಯ 18 ಗ್ರಾಂನಲ್ಲಿ ಬೆಳ್ಳಿ 16.65, ಕೆನಡಾದ 23.33ರಲ್ಲಿ ಸುಮಾರು 11.67. ಆಭರಣದಂಗಡಿಗೆ ಮಾರಲು ಹೋದರೆ ಕರಗಿಸುವ ಬೆಲೆಯಷ್ಟೇ ಸಿಗುತ್ತದೆ, ಅರ್ಧ ಬೆಳ್ಳಿಯದನ್ನು ಹಲವರು ಮುಟ್ಟುವುದೂ ಇಲ್ಲ. ಭಾರತದ ನಾಣ್ಯವನ್ನು ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ ಎಂಬುದೂ ನೆನಪಿರಲಿ.

ಪ್ರಶ್ನೆ (ಸೋಮವಾರಪೇಟೆ): ಹೊರದೇಶದಿಂದ ತರಿಸುವಾಗ ಏನು ಜಾಗ್ರತೆ ಬೇಕು?

ಉತ್ತರ: ಬೆಳ್ಳಿಯ ಆಮದು ನಿಯಮವೂ ಸುಂಕವೂ ಆಗಾಗ ಬದಲಾಗುತ್ತವೆ. ಆರ್ಡರ್ ಮಾಡುವ ಮೊದಲೇ ಕೊರಿಯರ್ ಕಂಪನಿಯನ್ನೋ ಕಸ್ಟಮ್ಸ್ ಕಚೇರಿಯನ್ನೋ ಕೇಳಿ, ಆ ದಿನದ ನಿಯಮ ಮತ್ತು ದರ ತಿಳಿದುಕೊಳ್ಳಿ. ಬಿಲ್ಲಿನಲ್ಲಿ ದೇಶ, ವರ್ಷ, ಮುಖಬೆಲೆ, ಶುದ್ಧತೆ, ತೂಕ, ಕೊಟ್ಟ ಹಣ ಎಲ್ಲವೂ ಇರಲಿ. ಬೆಲೆ ಕಡಿಮೆ ಬರೆಯಿರಿ ಎಂದು ಮಾರುವವರನ್ನು ಕೇಳಬೇಡಿ. ಸಿಕ್ಕಿಬಿದ್ದರೆ ನಾಣ್ಯವೂ ಹೋಗುತ್ತದೆ, ದಾರಿಯಲ್ಲಿ ಕಳೆದುಹೋದರೆ ವಿಮೆಯ ಹಣವೂ ಆ ಕಡಿಮೆ ಬೆಲೆಗೇ ಬರುತ್ತದೆ.

ಮಳೆಗಾಲದಲ್ಲಿ ತರಿಸದಿರುವುದು ವಾಸಿ. ತರಿಸಿದರೆ, ಪಾರ್ಸೆಲ್ ಕೈಗೆ ಬಂದ ಕೂಡಲೇ ಬಿಚ್ಚಬೇಡಿ. ತಣ್ಣಗಿರುವ ಲೋಹಕ್ಕೆ ನಮ್ಮ ಒದ್ದೆ ಗಾಳಿ ತಾಗಿದರೆ ಅದರ ಮೇಲೆ ನೀರಿನ ಮಂಜು ಕೂರುತ್ತದೆ. ಹೊರಗಿನ ಒದ್ದೆ ರಟ್ಟನ್ನು ತೆಗೆದು, ಒಳಗಿನ ಪ್ಯಾಕನ್ನು ನಾಲ್ಕೈದು ಗಂಟೆ ಮನೆಯೊಳಗೆ ಬಿಟ್ಟು ಆಮೇಲೆ ಬಿಚ್ಚಿ. ಬಿಚ್ಚುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ, ತೂಕವನ್ನು ಅಲ್ಲೇ ತೂಗಿ ತೋರಿಸಿ. ಕ್ಯಾಪ್ಸೂಲ್ ತೆರೆಯಲೇಬೇಕಾದರೆ ಬಾಯಿಗೆ ಮಾಸ್ಕ್ ಹಾಕಿ, ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಅದರ ಮೇಲೆ ಬಾಗಿ ಮಾತಾಡಬೇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಎಂಜಲಿನ ಹನಿ ಬಿದ್ದರೂ ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ ಕಪ್ಪು ಚುಕ್ಕೆ ಏಳುತ್ತದೆ.